ಏಕತಾರಿಯವನು ಒಂಟಿಯಲ್ಲ

ತತ್ವಪದವೆಂದರೆ ನಮ್ಮ ನೆಲದ ಬ್ಲೂಸ್ ಎಂಬ ಮಾತು ಈಚೆಗೆ ಉತ್ಸವಗಳ ನಿರೂಪಣೆಯಲ್ಲಿ, ಪುಸ್ತಕಗಳ ಬೆನ್ನುಡಿಯಲ್ಲಿ ಸಲೀಸಾಗಿ ಓಡಾಡುತ್ತಿದೆ. ಹುಣಸಗಿ, ಸುರಪುರ, ಶಹಾಪುರದ ಸೀಮೆಯ ಹಾಡಿಕೆಯ ಬಗ್ಗೆ ಬರೆಯುವವರಿಗಂತೂ ಇದು ತಾನಾಗಿ ಲೇಖನಿಗೆ ಬರುತ್ತದೆ. ಯಾಕೆ ಬರುತ್ತದೆ ಎಂಬುದನ್ನು ಮೊದಲು ನ್ಯಾಯವಾಗಿ ಹೇಳಬೇಕು. ಅಮೆರಿಕದ ಮಿಸಿಸಿಪ್ಪಿ ಡೆಲ್ಟಾ ಹತ್ತಿಯ ನಾಡು. ನಾರಾಯಣಪುರದ ಕಾಲುವೆ ನೀರು ಬಂದು ಭತ್ತ ಹಬ್ಬುವ ಮೊದಲು ನಮ್ಮ ಎರೆಹೊಲಗಳೂ ಹತ್ತಿ, ಜೋಳಗಳನ್ನೇ ನಂಬಿದ್ದವು. ಅಲ್ಲಿ ಬಡ ಹುಡುಗರು ಮನೆಯ ಗೋಡೆಗೆ ಒಂದೇ ತಂತಿ ಬಿಗಿದು ಬಾರಿಸುವುದನ್ನು ಕಲಿತು ಆಮೇಲೆ ಗಿಟಾರ್ ಹಿಡಿದರು. ಇಲ್ಲಿ ಸೋರೆಬುರುಡೆಯ ಏಕತಾರಿ. ಅಲ್ಲಿ ಗುಲಾಮಗಿರಿ ಮುಗಿದ ಮೇಲೂ ಬಿಡದ ಪಾಲಿನ ಬೇಸಾಯ, ಸಾಲ, ವರ್ಣದ್ವೇಷ. ಇಲ್ಲಿ ಜಾತಿ, ನಿಜಾಮನ ಕಾಲದ ಕಂದಾಯ, ಬರ, ಗುಳೆ. ಅಲ್ಲಿ ಹೆದ್ದಾರಿ 61. ಇಲ್ಲಿ ತಿಂಥಣಿಯಲ್ಲಿ ಕೃಷ್ಣೆಯನ್ನು ದಾಟಿ ಹೋಗುವ ಬೀದರ-ಶ್ರೀರಂಗಪಟ್ಟಣ ರಸ್ತೆ. ಅಲ್ಲಿ ರಾಬರ್ಟ್ ಜಾನ್ಸನ್ ನಡುರಾತ್ರಿ ಕವಲುದಾರಿಯಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತನೆಂಬ ಕಥೆ. ಇಲ್ಲಿ ತಿಂಥಣಿಯ ಮೋನಪ್ಪಯ್ಯನ, ಕೊಡೇಕಲ್ಲಿನ ಬಸವಣ್ಣನ ಪವಾಡಗಳು. ಇಷ್ಟು ಸಾಮ್ಯ ಕಂಡಮೇಲೆ ಎರಡನ್ನೂ ಒಂದೇ ಎನ್ನಲು ಯಾರಿಗಾದರೂ ಮನಸ್ಸಾಗುತ್ತದೆ. ಹಾಗೆನ್ನುವವರ ಉದ್ದೇಶವೂ ಒಳ್ಳೆಯದೇ: ಜಗತ್ತು ತಲೆಬಾಗುವ ಒಂದು ಸಂಗೀತದ ಪಕ್ಕ ನಮ್ಮ ಭಜನಿ ಪದಗಳನ್ನು ಕೂರಿಸಿದರೆ, ಅವುಗಳನ್ನು ಹಿಂದುಳಿದ ಜಿಲ್ಲೆಯ ಹಿಂದುಳಿದ ಕಲೆ ಎಂದು ನೋಡುವ ಕಣ್ಣು ಬದಲಾದೀತು ಎಂಬ ಆಸೆ.

ಆದರೆ ಈ ಹೋಲಿಕೆ ನಿಂತಿರುವುದು ಬಿಡಿಸಿ ಹೇಳದ ಮೂರು ಮಾತುಗಳ ಮೇಲೆ.

1. ನೋವು ಹೆಚ್ಚಾದಾಗ ಅದು ಹಾಡಾಗಿ ಹೊಮ್ಮುತ್ತದೆ.

2. ರಸ್ತೆ ಆ ಹಾಡನ್ನು ಹುಟ್ಟಿಸುತ್ತದೆ, ಇಲ್ಲವೇ ಕನಿಷ್ಠ ಬೆಳೆಸುತ್ತದೆ.

3. ನೋವನ್ನು ಹೊತ್ತು ಆ ರಸ್ತೆಯಲ್ಲಿ ನಡೆಯುವವನು ಒಬ್ಬನೇ, ಅವನ ಕೈಯಲ್ಲಿ ಒಂದು ವಾದ್ಯ.

ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಮೂರನೆಯದು ಉಳಿದೆರಡಕ್ಕೂ ಬೇರು, ಮತ್ತು ಅತಿ ಹೆಚ್ಚು ತಪ್ಪಿರುವುದು ಅದರಲ್ಲೇ ಎಂಬುದು ನನ್ನ ವಾದ. ಬ್ಲೂಸ್ ಆಗಲಿ ತತ್ವಪದವಾಗಲಿ ಉಳಿದದ್ದು, ಬೆಳೆದದ್ದು ಬಾರಿಸುವವರ ಸಂಗದಲ್ಲಿ. ನೋವು ಮತ್ತು ರಸ್ತೆ ಆ ಸಂಗಕ್ಕೆ ಒದಗಿದ ಸನ್ನಿವೇಶಗಳೇ ಹೊರತು ಹಾಡಿನ ಹೆತ್ತವರಲ್ಲ.

ನೋವಿನಿಂದ ಶುರು ಮಾಡೋಣ. ನೋವೇ ಸಾಕಾಗಿದ್ದರೆ ಜಗತ್ತಿನ ಎಲ್ಲ ಬಡ ಸೀಮೆಗಳಲ್ಲೂ ಬ್ಲೂಸ್ ಇರಬೇಕಿತ್ತು. ಇರಲಿ, ಇದು ಸುಲಭದ ಉತ್ತರ. ಗಟ್ಟಿ ಉತ್ತರ ಬ್ಲೂಸ್ ಯಾವ ಕೆಲಸಕ್ಕೆ ಬರುತ್ತಿತ್ತು ಎಂಬುದರಲ್ಲಿದೆ. ಅದು ಶನಿವಾರ ರಾತ್ರಿಯ ಕುಣಿತದ ಸಂಗೀತ. ವಾರವಿಡೀ ಹತ್ತಿ ಬಿಡಿಸಿದವರು ಕುಡಿದು ಕುಣಿಯಲು ಸೇರುವ ಗುಡಿಸಲುಗಳಲ್ಲಿ ಗಿಟಾರಿನವನು ದುಡ್ಡಿಗೆ ಬಾರಿಸುತ್ತಿದ್ದ, ಬೆಳಗಿನತನಕ ಜನರ ಕಾಲು ನಿಲ್ಲದಂತೆ ನೋಡಿಕೊಳ್ಳುವುದೇ ಅವನ ಕಸುಬು. ಜಾನ್ಸನ್ ಜೊತೆ ಊರೂರು ತಿರುಗಿದ ಜಾನಿ ಶೈನ್ಸ್ ನೆನೆಸಿಕೊಂಡಂತೆ, ರೇಡಿಯೋದಲ್ಲಿ ಒಮ್ಮೆ ಕೇಳಿದ ಯಾವ ಜನಪ್ರಿಯ ಹಾಡನ್ನಾದರೂ ಜಾನ್ಸನ್ ಬಾರಿಸಬಲ್ಲವನಾಗಿದ್ದ. ಗಿರಾಕಿ ಕೇಳಿದ್ದನ್ನು ಕೊಡುವ ವೃತ್ತಿಗಾರ. ಬ್ಲೂಸ್ ದೊಡ್ಡ ಮಾರುಕಟ್ಟೆಗೆ ಬಂದದ್ದೂ ಯಾವ ಒಂಟಿ ಅಲೆಮಾರಿಯಿಂದಲ್ಲ. 1920ರಲ್ಲಿ ನ್ಯೂಯಾರ್ಕಿನಲ್ಲಿ ರಂಗಮಂಚದ ಗಾಯಕಿ ಮೇಮಿ ಸ್ಮಿತ್ ಹಾಡಿದ ಗ್ರಾಮಫೋನ್ ತಟ್ಟೆ ವಿಪರೀತ ಖರ್ಚಾದ ಮೇಲೆ ಕಂಪನಿಗಳು ಈ ಸಂಗೀತದ ಕಡೆ ತಿರುಗಿದವು. ಮೊದಲ ದಶಕದ ತಾರೆಯರು ಹೆಂಗಸರು, ರೇಷ್ಮೆ ಉಟ್ಟು ಮುತ್ತು ತೊಟ್ಟು ವಾದ್ಯವೃಂದದ ಮುಂದೆ ನಿಂತವರು. ಹರಿದ ಅಂಗಿಯ ಗಂಡಸಿನ ಚಿತ್ರ ಬಹುಪಾಲು ಆಮೇಲಿನವರು ಬರೆದದ್ದು. ಜಾನ್ಸನ್ 1938ರಲ್ಲಿ 27ನೇ ವಯಸ್ಸಿಗೆ ಸತ್ತ, ಲೋಕಪ್ರಸಿದ್ಧನಾದದ್ದು 1961ರಲ್ಲಿ ಅವನ ಹಳೆಯ ಹಾಡುಗಳ ಲಾಂಗ್‌ಪ್ಲೇ ಹೊರಬಂದ ಮೇಲೆ.

ತತ್ವಪದದ ಕಡೆ ಬಂದರೆ ಹೋಲಿಕೆ ಇನ್ನೂ ಸಡಿಲ. ಪದಗಳ ವಸ್ತು ಬಡತನದ ದೂರಲ್ಲ. ದೇಹ, ಗುರು, ಹುಟ್ಟುಸಾವು, ಅರಿವು, ಮಾಯೆ, ಜೊತೆಗೆ ಡಾಂಭಿಕರ ಮೇಲೆ ಹರಿತವಾದ ನಗೆ. ಮಠದ ಕಟ್ಟೆ, ಗದ್ದುಗೆಯ ಅಂಗಳ, ದರ್ಗಾದ ಬಯಲು ಇವುಗಳ ತಾವು. ಬ್ಲೂಸನ್ನು ಅದರ ಊರಿನ ಚರ್ಚಿನವರು ಸೈತಾನನ ಸಂಗೀತವೆಂದು ದೂರವಿಟ್ಟಿದ್ದರು. ಸನ್ ಹೌಸ್ ಎಂಬ ದೊಡ್ಡ ಗಾಯಕ ಬದುಕಿಡೀ ಧರ್ಮಬೋಧನೆಗೂ ಬ್ಲೂಸಿಗೂ ನಡುವೆ ಜೀಕಿದವನು. ಹಾಗೆ ನೋಡಿದರೆ ತತ್ವಪದದ ನಂಟಸ್ತಿಕೆ ಕರಿಯರ ಚರ್ಚಿನ ಹಾಡಿಕೆಯ ಜೊತೆ ಹೆಚ್ಚು. ಬ್ಲೂಸಿನ ಸೋದರರನ್ನು ನಮ್ಮಲ್ಲಿ ಹುಡುಕಲೇಬೇಕೆಂದರೆ, ಟ್ರ್ಯಾಕ್ಟರಿನ ಮೇಲೆ ಕಿವಿ ಹರಿಯುವಂತೆ ಮೊಳಗುವ ಡಿಜೆ ಜಾನಪದದ ಕಡೆ ನೋಡಬೇಕು: ಕೈಕೊಟ್ಟ ಪ್ರೀತಿ, ಕುಡಿತ, ಲಾರಿ ಡ್ರೈವರನ ಬಡಾಯಿ, ಮದುವೆ ಮೆರವಣಿಗೆಯ ಕುಣಿತ, ಒಂದಿಷ್ಟು ಪೋಲಿತನ, ಮೊಬೈಲಿನ ಮಾರುಕಟ್ಟೆ. 1920ರ ದಶಕದ ಸಭ್ಯರು ಬ್ಲೂಸ್ ತಟ್ಟೆಗಳ ಬಗ್ಗೆ ಆಡಿದ ಮಾತನ್ನೇ ನಮ್ಮ ಸಭ್ಯರು ಈ ಹಾಡುಗಳ ಬಗ್ಗೆ ಆಡುತ್ತಾರೆ. ತತ್ವಪದವನ್ನು ಬ್ಲೂಸ್ ಎಂದು ಹೊಗಳುವವರಿಗೆ ಈ ನಂಟು ರುಚಿಸುವುದಿಲ್ಲ ಎಂದು ಬಲ್ಲೆ. ಆದರೆ ಹೋಲಿಕೆಯ ದಾರಿ ಹಿಡಿದಮೇಲೆ ಅದು ಒಯ್ದಲ್ಲಿಗೆ ಹೋಗಬೇಕಲ್ಲವೆ.

ಇನ್ನು ರಸ್ತೆ. ಹೆದ್ದಾರಿ 61 ದಕ್ಷಿಣದ ನ್ಯೂ ಆರ್ಲಿಯನ್ಸ್‌ನಿಂದ ಡೆಲ್ಟಾ ಹಾದು, ಮೆಂಫಿಸ್ ಹಾದು ಉತ್ತರಕ್ಕೆ ಹೋಗುತ್ತದೆ. ಕ್ಲಾರ್ಕ್ಸ್‌ಡೇಲ್ ಪಟ್ಟಣದಲ್ಲಿ ಅದು ಮತ್ತು ಹೆದ್ದಾರಿ 49 ಕೂಡುವ ಜಾಗದಲ್ಲಿ ಈಗ ಗಿಟಾರುಗಳ ಕಂಬವಿದೆ, ಪ್ರವಾಸಿಗಳು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಾಲಕ್ರಮವನ್ನು ಸುಮ್ಮನೆ ಒಮ್ಮೆ ಜೋಡಿಸಿ ನೋಡಿ. ಅಮೆರಿಕದ ಹೆದ್ದಾರಿಗಳಿಗೆ ಈ ಸಂಖ್ಯೆಗಳು ಬಂದದ್ದು 1926ರಲ್ಲಿ. ಅದಕ್ಕೂ ಎರಡು ದಶಕ ಹಿಂದೆಯೇ, 1903ರ ಸುಮಾರಿಗೆ, ಡೆಲ್ಟಾದ ಟಟ್ವೈಲರ್ ರೈಲು ನಿಲ್ದಾಣದಲ್ಲಿ ಗಿಟಾರಿನ ತಂತಿಗೆ ಚಾಕು ಒತ್ತಿ ಬಾರಿಸುತ್ತಿದ್ದವನನ್ನು ಸಂಯೋಜಕ ಡಬ್ಲ್ಯು. ಸಿ. ಹ್ಯಾಂಡಿ ಕೇಳಿದ್ದ. ಬ್ಲೂಸ್ ಗಾಯಕ ಮಡಿ ವಾಟರ್ಸ್ 1943ರಲ್ಲಿ ಡೆಲ್ಟಾದ ಸ್ಟೋವಲ್ ತೋಟ ಬಿಟ್ಟು ಶಿಕಾಗೋಗೆ ಹೋದದ್ದು ರೈಲಿನಲ್ಲಿ. ಹಳೆಯ ಬ್ಲೂಸ್ ಹಾಡುಗಳಲ್ಲಿ ರೈಲು ತುಂಬಿರುವುದು ಸುಮ್ಮನಲ್ಲ. ಹೆದ್ದಾರಿಯ ಬಗ್ಗೆಯೂ 1932ರಷ್ಟು ಹಿಂದೆಯೇ ರೂಸ್‌ವೆಲ್ಟ್ ಸೈಕ್ಸ್ ಹಾಡಿದ್ದುಂಟು. ಆದರೆ ಅದಕ್ಕೆ ಪುರಾಣದ ಪದವಿ ಸಿಕ್ಕದ್ದರಲ್ಲಿ ಅದರ ಹೆಸರನ್ನೇ ಹೊತ್ತ ಬಾಬ್ ಡಿಲನ್‌ನ 1965ರ ಆಲ್ಬಮ್ಮಿನ ಪಾಲು ದೊಡ್ಡದು. ಹಾಡು ಮೊದಲಿತ್ತು, ಸಂಖ್ಯೆಯ ಹೆದ್ದಾರಿ ಆಮೇಲೆ ಬಂತು, ಅದರ ಮಹಿಮೆ ಇನ್ನೂ ಆಮೇಲೆ.

ನಮ್ಮ ಸೀಮೆಯಲ್ಲೂ ಇದೇ ವಿಚಾರ. ದಾರಿಗಳಿಗೇನು ಕೊರತೆ ಇರಲಿಲ್ಲ. ಆದಿಲಶಾಹಿ ಕಾಲದಲ್ಲಿ ವಿಜಯಪುರದಿಂದ ಗೋಗಿಯ ದರ್ಗಾದತ್ತ ದಾರಿಯಿತ್ತು, ಆ ವಂಶದ ಮೊದಲ ಸುಲ್ತಾನರ ಗೋರಿಗಳು ಅಲ್ಲೇ ಇವೆ. ಸೈನ್ಯ, ಕಂದಾಯ, ಹತ್ತಿಯ ಬಂಡಿ ಎಲ್ಲವೂ ಇಲ್ಲಿನ ದಾರಿಗಳಲ್ಲಿ ಹಾದುಹೋದವು. ಅವು ಯಾವುದೂ ಪದಗಳನ್ನು ಬಿಟ್ಟುಹೋಗಲಿಲ್ಲ. ಪದ ಬೆಳೆದದ್ದು ದಾರಿ ಮುಗಿದು ಜನ ಕೂತಲ್ಲಿ: ತಿಂಥಣಿಯ ಜಾತ್ರೆ, ಗೋಗಿಯ ಉರುಸು, ಕೊಡೇಕಲ್ಲಿನ ಗುಡಿ, ಯುಗಾದಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರ ವಸ್ತಿ. ದಾಸೋಹದ ಊಟವಿದೆ, ಎರಡು ಮೂರು ರಾತ್ರಿ ಬೇರೆ ಕೆಲಸವಿಲ್ಲ, ಪಕ್ಕದಲ್ಲಿ ಇನ್ನೊಂದು ಊರಿನ ಭಜನಿ ಮೇಳವಿದೆ. ಹಾಡು ಕೈ ಬದಲಿಸುವುದಕ್ಕೆ ಬೇಕಾದದ್ದು ಈ ಮೂರು. ರಸ್ತೆ ಇಲ್ಲದೆ ಅವರು ಸೇರುತ್ತಿದ್ದರೇ ಎಂದು ಯಾರಾದರೂ ಕೇಳಬಹುದು. ಸೇರುತ್ತಿರಲಿಲ್ಲ, ಒಪ್ಪಿದೆ. ಆದರೆ ಒಂದು ಇಲ್ಲದಿದ್ದರೆ ಮತ್ತೊಂದು ಆಗದು ಎಂಬುದರಿಂದ ಅದೊಂದಿದ್ದರೆ ಸಾಕು ಎಂದು ಆಗುವುದಿಲ್ಲ. ತಿಂಥಣಿಯ ಸೇತುವೆಯ ಮೇಲೆ ಹಗಲೂ ರಾತ್ರಿ ಲಾರಿಗಳು ಓಡುತ್ತವೆ. ಅವುಗಳಿಂದ ಒಂದು ಹೊಸ ಧಾಟಿ ಆಚೆ ದಡದಿಂದ ಈಚೆಗೆ ಬಂದದ್ದನ್ನು ಕಾಣೆ.

ಈಗ ಮೂರನೆಯ ಮಾತಿಗೆ ಬರೋಣ, ಕವಲುದಾರಿಯ ಒಂಟಿ ಮನುಷ್ಯನಿಗೆ. ಸೈತಾನನ ಕಥೆ ಮೊದಲು ಹೇಳಿದ್ದು ರಾಬರ್ಟ್ ಜಾನ್ಸನ್ ಬಗ್ಗೆ ಅಲ್ಲ, ಅವನಿಗೆ ಸಂಬಂಧವಿಲ್ಲದ ಟಾಮಿ ಜಾನ್ಸನ್ ಎಂಬ ಇನ್ನೊಬ್ಬ ಗಾಯಕನ ಬಗ್ಗೆ, ಅದೂ ಅವನ ಅಣ್ಣನ ಬಾಯಿಂದ. ರಾಬರ್ಟ್ ಕಲಿತ ಬಗೆ ಇದಕ್ಕಿಂತ ಸಾದಾ. ಸನ್ ಹೌಸ್, ವಿಲ್ಲಿ ಬ್ರೌನ್ ಬಾರಿಸುವಲ್ಲಿ ಈ ಹುಡುಗ ಹೋಗಿ ಕೂರುತ್ತಿದ್ದ. ಅವರು ವಿರಾಮಕ್ಕೆಂದು ಎದ್ದರೆ ಗಿಟಾರ್ ಎತ್ತಿಕೊಂಡು ಜನರ ಕಿವಿ ಕೊರೆಯುತ್ತಿದ್ದ ಎಂದು ಹೌಸ್ ಹೇಳಿದ್ದಾನೆ. ಆಮೇಲೆ ಕಾಣೆಯಾದ, ಮರಳಿದಾಗ ಎಲ್ಲರನ್ನೂ ಮೀರಿಸಿದ್ದ. ಸೈತಾನನಿಗೆ ಜಾಗವಾದದ್ದು ಈ ನಡುವಿನ ಕಾಲ. ಆ ಕಾಲದಲ್ಲಿ ಅವನು ದಕ್ಷಿಣ ಮಿಸಿಸಿಪ್ಪಿಯಲ್ಲಿ ಐಕ್ ಜಿಮ್ಮರ್‌ಮನ್ ಎಂಬ ಹಿರಿಯ ಗಿಟಾರಿಗನ ಆಸರೆಯಲ್ಲಿದ್ದ. ಯಾರಿಗೂ ತೊಂದರೆಯಾಗದಿರಲೆಂದು ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ತನಗೆ ಬಂದದ್ದನ್ನು ಜಾನ್ಸನ್ ಮುಂದೆ ರಾಬರ್ಟ್ ಲಾಕ್‌ವುಡ್ ಎಂಬ ಹುಡುಗನಿಗೆ ಕೈಹಿಡಿದು ಕಲಿಸಿದ. ಇಷ್ಟಾಗಿಯೂ ಒಂಟಿತನದ ಕಥೆಗೆ ಮೂಲ ಸಾಕ್ಷಿಯೆಂದು ಎಲ್ಲರೂ ತೋರಿಸುವುದು ಅವನ ‘ಕ್ರಾಸ್ ರೋಡ್ ಬ್ಲೂಸ್’ ಹಾಡನ್ನು, 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಮುದ್ರಿಸಿದ್ದು. ಅದನ್ನು ಕಿವಿಗೊಟ್ಟು ಕೇಳಿದರೆ ಅದರಲ್ಲಿ ಸೈತಾನನೇ ಇಲ್ಲ. ಕವಲಿನಲ್ಲಿ ಮಂಡಿಯೂರಿದವನು ದೇವರ ಕರುಣೆ ಬೇಡುತ್ತಾನೆ, ಹೋಗುವ ಗಾಡಿಗಳಿಗೆ ಕೈಯೊಡ್ಡುತ್ತಾನೆ, ಕತ್ತಲಾಗುತ್ತಿದೆ ಎಂದು ಹೆದರುತ್ತಾನೆ. ಕೊನೆಗೆ ತನ್ನ ಸ್ಥಿತಿಯನ್ನು ಗೆಳೆಯ ವಿಲ್ಲಿ ಬ್ರೌನನಿಗೆ ತಿಳಿಸಿ ಎಂದು ಕೇಳಿಕೊಳ್ಳುತ್ತಾನೆ. ಬ್ಲೂಸಿನ ಅತಿ ಪ್ರಸಿದ್ಧ ಒಂಟಿ ಹಾಡು ಮುಗಿಯುವ ಹೊತ್ತಿಗೆ ಇನ್ನೊಬ್ಬ ಗಿಟಾರಿಗನ ಹೆಸರು ಹಿಡಿದು ಕರೆಯುತ್ತದೆ. ಈ ಒಂದು ಸಂಗತಿಯನ್ನು ಕಡೆಗಣಿಸದೆ ಹೋಗಿದ್ದರೆ ಆ ಕವಲಿನಲ್ಲಿ ಫೋಟೋ ತೆಗೆಸಿಕೊಳ್ಳುವವರು ಇಷ್ಟಿರುತ್ತಿರಲಿಲ್ಲವೇನೋ.

ಇದು ಒಬ್ಬನ ವಿಚಾರವಲ್ಲ. ಡಾಕರಿ ತೋಟದಲ್ಲಿ ಚಾರ್ಲಿ ಪ್ಯಾಟನ್ ಕಲಿತದ್ದು ಹೆನ್ರಿ ಸ್ಲೋನ್‌ನಿಂದ. ಪ್ಯಾಟನ್‌ನಿಂದ ವಿಲ್ಲಿ ಬ್ರೌನ್, ಟಾಮಿ ಜಾನ್ಸನ್, ಹೌಲಿನ್ ವುಲ್ಫ್. 1930ರಲ್ಲಿ ಪ್ಯಾಟನ್, ಬ್ರೌನ್, ಹೌಸ್ ಮತ್ತು ಪಿಯಾನೋ ಬಾರಿಸುವ ಲೂಯಿಸ್ ಜಾನ್ಸನ್ ಒಂದೇ ಕಾರಿನಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್ನಿಗೆ ಹೋಗಿ ಹಾಡಿ ಬಂದರು. ಹೆದ್ದಾರಿಗೆ ಮಹತ್ವ ಕೊಡಲೇಬೇಕೆಂದಿದ್ದರೆ ಅದನ್ನು ಈ ಕಾರಿನ ಒಳಗಿನಿಂದ ನೋಡಬೇಕು. ಶಿಕಾಗೋದಲ್ಲಿ ಹೊಸದಾಗಿ ಬಂದ ಮಡಿ ವಾಟರ್ಸ್‌ನನ್ನು ಹಿರಿಯ ಬಿಗ್ ಬಿಲ್ ಬ್ರೂನ್ಜಿ ಜೊತೆಗೆ ಕರೆದುಕೊಂಡ. ಬ್ರೂನ್ಜಿ ತೀರಿಹೋದ ಮೇಲೆ, 1960ರಲ್ಲಿ, ಮಡಿ ಅವನ ಹಾಡುಗಳದ್ದೇ ಒಂದು ಆಲ್ಬಮ್ ಹೊರತಂದ. ಕಣ್ಣಿಲ್ಲದ, ಅದಕ್ಕಾಗಿಯೇ ಅತಿ ಒಂಟಿಯೆಂದು ಚಿತ್ರಿತನಾದ ಬ್ಲೈಂಡ್ ಲೆಮನ್ ಜೆಫರ್ಸನ್ ಕೂಡ ಡಲ್ಲಾಸಿನ ಬೀದಿಗಳಲ್ಲಿ ಲೆಡ್ ಬೆಲ್ಲಿಯ ಜೊತೆ ಬಾರಿಸಿದವನು. ಇದನ್ನೆಲ್ಲ ಸಿಹಿಯಾದ ಸ್ನೇಹವೆಂದು ತಿಳಿಯಬೇಕಿಲ್ಲ. ಮಡಿ, ಜಿಮ್ಮಿ ರೋಜರ್ಸ್, ಲಿಟಲ್ ವಾಲ್ಟರ್ ಮೂವರೂ ಸೇರಿ ಶಿಕಾಗೋದ ಬೇರೆ ತಂಡಗಳ ವೇದಿಕೆಗೆ ನುಗ್ಗಿ ಬಾರಿಸಿ ಸೋಲಿಸುತ್ತಿದ್ದರು. ಜನ ಅವರಿಗೆ ಇಟ್ಟ ಹೆಸರು ತಲೆಬೇಟೆಗಾರರು. ಹುಣಸಗಿಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಹರದೇಶಿ-ನಾಗೇಶಿಯ ಸವಾಲ್-ಜವಾಬಿನಲ್ಲಿ ಇರುಳಿಡೀ ಒಬ್ಬರನ್ನೊಬ್ಬರು ಹಳಿದು, ಬೆಳಗಿಗೆ ಒಂದೇ ಪಂಕ್ತಿಯಲ್ಲಿ ಕೂತು ಉಪ್ಪಿಟ್ಟು ತಿನ್ನುವ ಮೇಳಗಳನ್ನು ಅವರು ಬಲ್ಲರು. ಎದುರಿನವನ ಪದಕ್ಕೆ ಉತ್ತರ ಕಟ್ಟಬೇಕಾದ ಒತ್ತಡ ಇರದಿದ್ದರೆ ಎಷ್ಟೋ ಪದಗಳು ಹುಟ್ಟುತ್ತಲೇ ಇರಲಿಲ್ಲ.

ತತ್ವಪದದಲ್ಲಿ ಈ ಸಂಗ ಇನ್ನೂ ಸ್ಪಷ್ಟ. ತತ್ವಪದಕಾರ ಕಡಕೋಳದ ಮಡಿವಾಳಪ್ಪನ ಹೆಸರಿನ ಜೊತೆ ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ ಬರುತ್ತಾರೆ. ಹೆಸರುಗಳೇ ಹೇಳುವಂತೆ ಬೇರೆ ಬೇರೆ ಊರು, ಬೇರೆ ಬೇರೆ ಜಾತಿ-ಮತ. ಶಿಶುನಾಳದ ಶರೀಫನನ್ನು ಗೋವಿಂದಭಟ್ಟನನ್ನು ಬಿಟ್ಟು, ನವಲಗುಂದದ ನಾಗಲಿಂಗನನ್ನು ಬಿಟ್ಟು ಯಾರೂ ನೆನೆಸುವುದಿಲ್ಲ. ಹಾಡುವ ರೀತಿಯನ್ನೇ ನೋಡಿ. ಏಕತಾರಿಯವನು ಸೊಲ್ಲು ಎತ್ತಿಕೊಡುತ್ತಾನೆ, ಹಿಂದಿನವರು ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ದಮ್ಮಡಿ, ತಾಳ, ಪೇಟಿ, ತಬಲಾ ಇಲ್ಲದೆ ಪದ ಏರುವುದಿಲ್ಲ. ಹಿಂದಿನವರು ಸೊಲ್ಲು ಹಿಡಿಯುವಷ್ಟರಲ್ಲಿ ಮುಂದಿನವನಿಗೆ ಉಸಿರು, ಮುಂದಿನ ನುಡಿಯ ನೆನಪು ಎರಡೂ ಸಿಗುತ್ತವೆ. ಮರೆತರೆ ಪಕ್ಕದವನು ಎತ್ತಿಕೊಡುತ್ತಾನೆ. ಬರಹವಿಲ್ಲದ ಕಾಲದಲ್ಲಿ ಇಷ್ಟು ದೊಡ್ಡ ಪದರಾಶಿ ಉಳಿದದ್ದು ಹಂಚಿಕೊಂಡ ನೆನಪಿನಿಂದ. ಪದದ ಕೊನೆಗೆ ಬರುವ ಅಂಕಿತವೂ ಬಹಳ ಸಲ ಹಾಡುವವನದಲ್ಲ, ಗುರುವಿನದು ಇಲ್ಲವೇ ಊರ ದೇವರದು. ಒಂಟಿ ದನಿಯ ಕಲೆ ತನ್ನ ಹೆಸರನ್ನು ಹೀಗೆ ಬಿಟ್ಟುಕೊಡುವುದು ಅಪರೂಪ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಪ್ಪಿಸಿಕೊಳ್ಳಬಾರದು. ಭಜನಿಯ ಸಂಗ ಬೆಳಗಾಗುವವರೆಗೆ ಮಾತ್ರ ಎಂಬುದು. ರಾತ್ರಿ ಒಂದೇ ತಾಳಕ್ಕೆ ತಲೆದೂಗಿದವರು ಹಗಲಿಗೆ ತಂತಮ್ಮ ಓಣಿಗೆ ಹೋಗುತ್ತಾರೆ, ಬಾವಿ-ಗುಡಿ-ಚಹದಂಗಡಿಗಳ ಕಟ್ಟಳೆ ಹಾಗೇ ಇರುತ್ತದೆ. ಬ್ಲೂಸ್ ಗೆಳೆಯರು ಒಂದೇ ತುಳಿತಕ್ಕೆ ಸಿಕ್ಕ ಒಂದೇ ಜನ. ನಮ್ಮ ಮೇಳದಲ್ಲಿ ತುಳಿದವರ ಮನೆಯವನೂ ತುಳಿಸಿಕೊಂಡವರ ಮನೆಯವನೂ ಇರಬಹುದು. ಆಕ್ಷೇಪ ನಿಜ. ಗುರುವಿನ ಹೆಸರಿನ ನೆರಳಿನಲ್ಲಿ ಬೆಳೆದ ಸ್ನೇಹಕ್ಕೆ ಆ ನೆರಳಿನಾಚೆ ಧೈರ್ಯ ಕಡಿಮೆ. ಆದರೆ ಇದು ನನ್ನ ವಾದವನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ ಅದರ ಬೆಲೆ ಹೇಳುತ್ತದೆ: ಎರಡೂ ಸಂಗೀತಗಳನ್ನು ಹೋಲಿಸಬೇಕಾದದ್ದು ಇಲ್ಲಿ, ಯಾರು ಯಾರ ಪಕ್ಕ ಕೂರಬಹುದಿತ್ತು ಎಂಬಲ್ಲಿ. ಹತ್ತಿ, ತಂತಿ, ಹೆದ್ದಾರಿಗಳ ಪಟ್ಟಿ ಹಿಡಿದವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ.

ಒಂಟಿ ಗಾಯಕನ ಚಿತ್ರದಿಂದ ಯಾರಿಗೇನು ನಷ್ಟ, ನಾಲ್ಕು ಜನ ಬರುತ್ತಾರೆ, ಊರಿಗೆ ಹೆಸರು ಬರುತ್ತದೆ ಎನ್ನಬಹುದು. ನಷ್ಟವಿದೆ. ಚಿತ್ರ ಹೇಗಿದೆಯೋ ಹಣ ಹಾಗೆ ಹರಿಯುತ್ತದೆ. ಮಿಸಿಸಿಪ್ಪಿ ರಾಜ್ಯ 2006ರಿಂದ ಬ್ಲೂಸಿನ ತಾಣಗಳಿಗೆಲ್ಲ ಫಲಕ ನೆಡುತ್ತ ಬಂದಿದೆ. ಮೆರಿಗೋಲ್ಡ್ ಬಳಿಯ ಪೋ ಮಂಕೀಸ್ ಎಂಬ ಹಳೆಯ ಕುಣಿತದ ಗುಡಿಸಲಿಗೂ ಫಲಕ ಬಂತು. 2016ರಲ್ಲಿ ಅದನ್ನು ನಡೆಸುತ್ತಿದ್ದ ವಿಲ್ಲಿ ಸೀಬೆರಿ ಸತ್ತ ಮೇಲೆ ಗುಡಿಸಲು ಮುಚ್ಚಿತು. ಫಲಕಕ್ಕೆ ಸ್ಥಳ ಸಾಕು, ಹಾಡಿಗೆ ಅಲ್ಲಿ ಸೇರುವವರು ಬೇಕು. ನಮ್ಮಲ್ಲೂ ಪ್ರಶಸ್ತಿ ಒಬ್ಬರ ಕೊರಳಿಗೆ, ಮಾಸಾಶನ ಒಬ್ಬರ ಖಾತೆಗೆ, ಉತ್ಸವದ ಹತ್ತು ನಿಮಿಷ ಒಬ್ಬ ಮುಖ್ಯ ಗಾಯಕನಿಗೆ. ಹಿಂದೆ ಸೊಲ್ಲು ಹಿಡಿಯುವವರು ಸಹಕಲಾವಿದರೆಂಬ ಗುಂಪಿನಲ್ಲಿ ಕರಗುತ್ತಾರೆ. ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳ ಸಂಪುಟಗಳನ್ನು ಹೊರತಂದದ್ದು ದೊಡ್ಡ ಕೆಲಸವೇ. ಆದರೆ ಸಂಪುಟದಲ್ಲಿ ಸಾಹಿತ್ಯವಿರುತ್ತದೆ, ಧಾಟಿ ಇರುವುದಿಲ್ಲ. ಧಾಟಿ ಒಬ್ಬನ ಪಕ್ಕ ಇನ್ನೊಬ್ಬ ಕೂತಾಗ ಮಾತ್ರ ದಾಟುತ್ತದೆ. ಸಿ. ಅಶ್ವಥ್ ಅವರ ಕ್ಯಾಸೆಟ್ಟುಗಳಿಂದ ಶರೀಫ ಮನೆಮನೆಗೆ ಬಂದ, ಅದಕ್ಕೆ ಕೃತಜ್ಞರಾಗೋಣ. ಅದರ ಜೊತೆಗೇ, ಬೆಂಗಳೂರಿನ ವಾದ್ಯವೃಂದದೊಡನೆ ಕಟ್ಟಿದ ಒಂದು ದನಿಯೇ ಶರೀಫನ ದನಿ ಎಂದು ಎರಡು ತಲೆಮಾರು ನಂಬಿತು.

ಉಳಿದದ್ದು ಗುಳೆಯ ವಿಚಾರ. ಬ್ಲೂಸ್ ಹೋಲಿಕೆ ಅತಿ ಆಕರ್ಷಕವಾಗಿ ಕಾಣುವುದೂ ಅತಿ ಬೇಗ ಮುರಿಯುವುದೂ ಇಲ್ಲೇ. ಡೆಲ್ಟಾದ ಕರಿಯರು ಶಿಕಾಗೋಗೆ ಹೋದರು, ನಮ್ಮವರು ಬೆಂಗಳೂರು, ಪುಣೆ, ಮುಂಬೈ, ಗೋವಾಗೆ ಹೋಗುತ್ತಾರೆ. ಹಾಗಾದರೆ ನಮ್ಮ ಶಿಕಾಗೋ ಎಲ್ಲಿ ಎಂದು ಕೇಳಬೇಕಾಗುತ್ತದೆ. ಅಲ್ಲಿ ಹೋದವರಲ್ಲಿ ಬಹುಪಾಲು ಮರಳಲಿಲ್ಲ. ಕಾರ್ಖಾನೆಯ ಕೂಲಿ ಹಿಡಿದು ಒಂದೇ ಕೇರಿಯಲ್ಲಿ ನೆಲೆಸಿದರು, ಭಾನುವಾರ ಮ್ಯಾಕ್ಸ್‌ವೆಲ್ ಬೀದಿಯ ಸಂತೆಯಲ್ಲಿ ಪಕ್ಕದ ಮನೆಯಿಂದ ಕರೆಂಟ್ ಎಳೆದು ಆಂಪ್ಲಿಫೈಯರ್ ಹಚ್ಚಿ ಬಾರಿಸಿದರು. ಈ ವಾರ ಕೇಳಿದವನನ್ನು ಮುಂದಿನ ವಾರವೂ ಅದೇ ಮೂಲೆಯಲ್ಲಿ ಹುಡುಕಬಹುದಿತ್ತು. ಗುಳೆ ಹೋದವರ ತಗಡಿನ ಶೆಡ್ಡನ್ನು ಕಟ್ಟಡ ಮುಗಿದೊಡನೆ ಕಿತ್ತುಹಾಕುತ್ತಾರೆ. ಈ ಕೆಲಸಕ್ಕೆ ಜೊತೆಯಾದವನು ಮುಂದಿನದಕ್ಕೆ ಇನ್ನೊಂದು ಗುತ್ತಿಗೆದಾರನ ಕೈಕೆಳಗೆ ಇರುತ್ತಾನೆ. ನೋವು ಇದೆ, ಹೆದ್ದಾರಿ ಇದೆ, ರಾತ್ರಿ ಬಸ್ಸುಗಳು ತುಂಬಿ ಹೋಗುತ್ತವೆ. ಮೂರು ಮಾತುಗಳ ಲೆಕ್ಕ ಸರಿಯಿದ್ದಿದ್ದರೆ ಇಷ್ಟು ಹೊತ್ತಿಗೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಹೊಸ ಸಂಗೀತ ಕೇಳಿಸಬೇಕಿತ್ತು. ಅದರ ಬದಲು ಆಗುತ್ತಿರುವುದು ಬೇರೆ: ಗುಳೆ ಹೋದವರು ಮೊಹರಂಗೆ, ಜಾತ್ರೆಗೆ ಹೊಳ್ಳಿ ಬರುತ್ತಾರೆ, ಮೇಳ ಆ ಕೆಲವು ದಿನ ಪೂರ್ತಿಯಾಗುತ್ತದೆ. ನಡುವಿನ ಅಮಾವಾಸ್ಯೆಗಳಲ್ಲಿ ಹಿರಿಯರೊಬ್ಬರು ಏಕತಾರಿ ಹಿಡಿದು ಗದ್ದುಗೆಯ ಮುಂದೆ ಕೂತಿರಬಹುದು. ಹೊರಗಿನಿಂದ ಬಂದವರಿಗೆ ಅದೇ ಪರಿಪೂರ್ಣ ಚಿತ್ರ, ಕ್ಯಾಮೆರಾ ತೆಗೆಯುತ್ತಾರೆ. ಊರಿನವರು ಅದನ್ನು ಪದ ಆಯಿತು ಎಂದು ಲೆಕ್ಕ ಹಿಡಿಯುವುದಿಲ್ಲ, ಯಾಕೆಂದರೆ ತಬಲಾದವನು ಇನ್ನೂ ಬಂದಿಲ್ಲ.